ಹಳೆಯ ಚಿತ್ರಕಥೆಗಳೂ ಬಡ ಸಂಗ್ರಾಹಕನೂ

ಹಳೆಯ ನಾಣ್ಯವನ್ನು ಕೂಡಿಡುವವನನ್ನು ನಮ್ಮ ಸಮಾಜ ರಸಿಕನೆಂದು ಕರೆಯುತ್ತದೆ. ಓಲೆಗರಿಯನ್ನು ಕೂಡಿಡುವವನನ್ನು ವಿದ್ವಾಂಸನೆಂದು ಗೌರವಿಸುತ್ತದೆ. ಆದರೆ ನಲವತ್ತು ದಾಟಿದ ಮನುಷ್ಯನೊಬ್ಬ ಹಳೆಯ ‘ಚಂದಮಾಮ’ವನ್ನೋ ‘ಅಮರ ಚಿತ್ರಕಥೆ’ಯನ್ನೋ ಅರಸುತ್ತ ಗುಜರಿ ಅಂಗಡಿಯ ಬಾಗಿಲಲ್ಲಿ ಕುಕ್ಕರಗಾಲಿನಲ್ಲಿ ಕುಳಿತಿದ್ದರೆ, ಇವನಿಗೆ ಇನ್ನೂ ಹುಡುಗಾಟ ಬಿಟ್ಟಿಲ್ಲವೆಂದು ನಗುತ್ತದೆ. ಆ ನಗು ನನಗೆ ಪರಿಚಿತವಾದದ್ದೇ. ಅದರ ಬಗ್ಗೆ ನನಗೆ ಬೇಸರವೇನೂ ಇಲ್ಲ. ಆದರೆ ಅದರ ಹಿಂದೆ ಒಂದು ಸಾಹಿತ್ಯಕ ನಂಬಿಕೆ ಅಡಗಿದೆ. ಅದನ್ನು ಮಾತ್ರ ಪ್ರಶ್ನಿಸದೆ ಬಿಡಲಾಗದು. ಮಕ್ಕಳು ಓದಿ ಎಸೆದದ್ದು ಸಾಹಿತ್ಯವಲ್ಲ, ಆದ್ದರಿಂದ ಅದನ್ನು ಉಳಿಸಬೇಕಾದ ಅಗತ್ಯವೂ ಇಲ್ಲ ಎಂಬುದೇ ಆ ನಂಬಿಕೆ.

ಸ್ವಲ್ಪ ಯೋಚಿಸಿ ನೋಡೋಣ. ಇಂದು ಐವತ್ತು, ಅರವತ್ತು, ಎಪ್ಪತ್ತರ ವಯಸ್ಸಿನಲ್ಲಿರುವ ಕನ್ನಡ ವಾಚಕರಲ್ಲಿ ಬಹುಮಂದಿ, ಪಾಠದ ಪುಸ್ತಕದ ಹೊರಗೆ, ಯಾರ ಒತ್ತಾಯವೂ ಇಲ್ಲದೆ, ತಾವಾಗಿಯೇ ಓದಿದ ಮೊದಲ ಕನ್ನಡ ಗದ್ಯ ಯಾವುದು? ಕುವೆಂಪು ಅವರ ಕಾದಂಬರಿಯಲ್ಲ, ಮಾಸ್ತಿಯವರ ಕಥೆಯೂ ಅಲ್ಲ. ಅದು ಬಹುಮಟ್ಟಿಗೆ ಬೇತಾಳನ ಕಥೆ, ಇಲ್ಲವೆ ಚಿತ್ರದ ಪಕ್ಕದಲ್ಲಿ ಗುಳ್ಳೆಯೊಳಗೆ ಬರೆದ ಕೃಷ್ಣನ ಮಾತು. ಒಂದು ಭಾಷೆಯ ಓದುಗರು ಹೇಗೆ ತಯಾರಾದರು ಎಂಬುದು ಆ ಭಾಷೆಯ ಸಾಹಿತ್ಯಚರಿತ್ರೆಗೆ ಹೊರಗಿನ ವಿಷಯವೆ? ನಮ್ಮ ಚರಿತ್ರೆಕಾರರು ನವೋದಯ, ಪ್ರಗತಿಶೀಲ, ನವ್ಯ ಎಂದು ಲೇಖಕರನ್ನು ವಿಂಗಡಿಸಿ ಇಟ್ಟಿದ್ದಾರೆ. ಓದುಗನನ್ನು ಮಾತ್ರ ಯಾವ ಅಧ್ಯಾಯದಲ್ಲಿಯೂ ಕೂಡಿಸಿಲ್ಲ.

ಮೊದಲು ಇತಿಹಾಸವನ್ನು ಸಂಗ್ರಹವಾಗಿ ಹೇಳಿಬಿಡುತ್ತೇನೆ. ‘ಚಂದಮಾಮ’ವು ೧೯೪೭ರ ಜುಲೈಯಲ್ಲಿ ಮದರಾಸಿನಲ್ಲಿ ತೆಲುಗು, ತಮಿಳು ಭಾಷೆಗಳಲ್ಲಿ ಹುಟ್ಟಿತು. ಅದನ್ನು ಸ್ಥಾಪಿಸಿದವರು ಬಿ. ನಾಗಿರೆಡ್ಡಿ ಮತ್ತು ಚಕ್ರಪಾಣಿ. ಚಲನಚಿತ್ರ ರಂಗದಲ್ಲಿಯೂ ಜೊತೆಯಾಗಿ ಹೆಸರು ಮಾಡಿದವರು. ಕನ್ನಡದ ಆವೃತ್ತಿ ೧೯೪೯ರ ಜುಲೈಯಲ್ಲಿ ಬಂತು. ತೆಲುಗಿನ ಒಳ್ಳೆಯ ಕಥೆಗಾರ ಕೊಡವಟಿಗಂಟಿ ಕುಟುಂಬರಾಯರು ೧೯೫೨ರಿಂದ ೧೯೮೦ರವರೆಗೆ ಅದರ ಸಂಪಾದನೆಯ ಭಾರವನ್ನು ಹೊತ್ತರು. ‘ಚಿತ್ರಾ’ ಎಂದು ಸಹಿ ಮಾಡುತ್ತಿದ್ದ ಟಿ. ವಿ. ರಾಘವನ್, ‘ಶಂಕರ್’ ಎಂದು ಸಹಿ ಮಾಡುತ್ತಿದ್ದ ಕೆ. ಸಿ. ಶಿವಶಂಕರನ್, ವಡ್ಡಾದಿ ಪಾಪಯ್ಯ, ಇವರು ಅದಕ್ಕೆ ಮುಖವನ್ನೂ ಮೈಯನ್ನೂ ಕೊಟ್ಟ ಚಿತ್ರಕಾರರು. ಹೆಗಲ ಮೇಲೆ ಶವವನ್ನು ಹೊತ್ತು, ಕೈಯಲ್ಲಿ ಕತ್ತಿ ಹಿಡಿದು ನಡೆಯುವ ವಿಕ್ರಮರಾಜನ ಚಿತ್ರ ಯಾರ ನೆನಪಿನಲ್ಲಿಲ್ಲ? ಅದನ್ನು ಬರೆದ ಶಂಕರ್ ೨೦೨೦ರಲ್ಲಿ, ತೊಂಬತ್ತು ದಾಟಿದ ವಯಸ್ಸಿನಲ್ಲಿ ತೀರಿಕೊಂಡರು. ಪತ್ರಿಕೆ ಅವರಿಗಿಂತ ಮೊದಲೇ ಮುಗಿದಿತ್ತು. ೧೯೯೮ರಲ್ಲಿ ಒಮ್ಮೆ ನಿಂತು, ಮರುವರ್ಷ ಮತ್ತೆ ಚೇತರಿಸಿಕೊಂಡು, ೨೦೦೭ರಲ್ಲಿ ಬೇರೊಂದು ಸಂಸ್ಥೆಯ ಕೈಸೇರಿ, ೨೦೧೩ರ ಹೊತ್ತಿಗೆ ಪೂರ್ತಿಯಾಗಿ ಕಣ್ಣು ಮುಚ್ಚಿತು.

‘ಅಮರ ಚಿತ್ರಕಥೆ’ಯ ಇತಿಹಾಸದಲ್ಲಿ ಕನ್ನಡಿಗರು ತಿಳಿದಿರಬೇಕಾದ ಒಂದು ಸಂಗತಿಯಿದೆ. ಈ ಮಾಲೆ ೧೯೬೭ರಲ್ಲಿ ಮುಂಬಯಿಯಲ್ಲಿ ಅನಂತ ಪೈ ಅವರಿಂದ ಆರಂಭವಾಯಿತೆಂಬುದು ಸಾಮಾನ್ಯವಾಗಿ ಕೇಳಿಬರುವ ಮಾತು. ಪೈ ಅವರು (೧೯೨೯–೨೦೧೧) ನಮ್ಮ ಕಾರ್ಕಳದಲ್ಲಿ ಹುಟ್ಟಿದವರು. ಆದರೆ ಇಂಗ್ಲಿಷಿನಲ್ಲಿ ಅವರು ತಂದ ‘ಕೃಷ್ಣ’ ಎಂಬ ಪುಸ್ತಕದ ಸಂಖ್ಯೆ ಒಂದಲ್ಲ, ಹನ್ನೊಂದು. ಮೊದಲ ಹತ್ತು ಎಲ್ಲಿ ಹೋದವು? ಬೆಂಗಳೂರಿನಲ್ಲಿ ಇಂಡಿಯಾ ಬುಕ್ ಹೌಸಿನ ಕೆಲಸ ನೋಡಿಕೊಳ್ಳುತ್ತಿದ್ದ ಜಿ. ಕೆ. ಅನಂತರಾಮ್ ಅವರು ಇದಕ್ಕೆ ಉತ್ತರ ಹೇಳಿದ್ದಾರೆ: ಆ ಹತ್ತೂ ೧೯೬೫ರಲ್ಲಿ ಕನ್ನಡದಲ್ಲಿ ಬಂದವು, ಅವು ಚೆನ್ನಾಗಿ ಮಾರಾಟವಾದದ್ದರಿಂದಲೇ ಮುಂಬಯಿಯವರಿಗೆ ಧೈರ್ಯ ಬಂತು. ಆ ಮೊದಲ ಹತ್ತರಲ್ಲಿ ಇದ್ದವು ಸಿಂಡ್ರೆಲಾ, ಅಲ್ಲಾದೀನ್ ಮೊದಲಾದ ಪರದೇಶದ ಕಥೆಗಳೇ ಹೊರತು ನಮ್ಮ ಪುರಾಣಗಳಲ್ಲ. ಇಡೀ ದೇಶದ ಮಕ್ಕಳಿಗೆ ರಾಮಾಯಣ ಮಹಾಭಾರತಗಳನ್ನು ಚಿತ್ರದಲ್ಲಿ ತೋರಿಸಿದ ಮಾಲೆಯೊಂದಕ್ಕೆ ಮೊದಲ ಗಿರಾಕಿಯಾಗಿ ನಿಂತವನು ಕನ್ನಡದ ಓದುಗ. ಇಷ್ಟು ದೊಡ್ಡ ಸಂಗತಿಗೆ ಸಾಕ್ಷಿಯಾದ ಆ ಹತ್ತು ಪುಸ್ತಕಗಳನ್ನು ಕಣ್ಣಿನಿಂದ ಕಂಡವರು ಎಷ್ಟು ಮಂದಿ? ನಾನಂತೂ ಕಂಡಿಲ್ಲ.

ಮೂರನೆಯದು ‘ಇಂದ್ರಜಾಲ ಕಾಮಿಕ್ಸ್’. ಟೈಮ್ಸ್ ಆಫ್ ಇಂಡಿಯಾ ಸಂಸ್ಥೆಯವರು ೧೯೬೪ರ ಮಾರ್ಚಿಯಲ್ಲಿ ಹೊರಡಿಸಿ, ೧೯೯೦ರವರೆಗೆ ನಡೆಸಿದ ಈ ಮಾಲೆಯ ನಾಯಕರು ಲೀ ಫಾಕ್ ಸೃಷ್ಟಿಸಿದ ಫ್ಯಾಂಟಮ್ ಮತ್ತು ಮಾಂಡ್ರೇಕ್. ೧೯೭೬ರಲ್ಲಿ ಆಬಿದ್ ಸುರತಿಯವರ ಬಹಾದೂರ್ ಅವರ ಜೊತೆಗೆ ಸೇರಿದ. ಇವೂ ಕನ್ನಡದಲ್ಲಿ ಬಂದವು; ಇಂದು ಬಲು ಅಪರೂಪ.

ಈ ಪುಸ್ತಕಗಳಿಗೆ ಕಲೆಯೆಂಬ ಹೆಸರು ಸಲ್ಲುತ್ತದೆಯೆ? ಸಲ್ಲುತ್ತದೆ ಎಂದು ವಾದಿಸಲು ನಾನು ದೂರ ಹೋಗಬೇಕಾಗಿಲ್ಲ. ನಮ್ಮ ತಿರುಮಕೂಡಲು ನರಸೀಪುರ ತಾಲ್ಲೂಕಿನಲ್ಲಿಯೇ ಸೋಮನಾಥಪುರವಿದೆ. ಮೂರನೆಯ ನರಸಿಂಹನ ಕಾಲದಲ್ಲಿ ಸೋಮನಾಥ ದಂಡನಾಯಕ ಕಟ್ಟಿಸಿದ ಕೇಶವ ದೇವಾಲಯದ ಹೊರಗೋಡೆಯನ್ನು ನೋಡಿದವರಿಗೆ ನನ್ನ ಮಾತು ಕೂಡಲೇ ಹೊಳೆಯುತ್ತದೆ. ಕೆಳಗೆ ಆನೆಯ ಸಾಲು, ಕುದುರೆಯ ಸಾಲು, ಬಳ್ಳಿಯ ಸಾಲು. ಅವುಗಳ ಮೇಲೆ ಕಥೆಯ ಸಾಲು. ಪ್ರದಕ್ಷಿಣೆ ಬರುತ್ತಿರುವವನಿಗೆ ದಕ್ಷಿಣದಲ್ಲಿ ರಾಮಾಯಣ, ಹಿಂಬದಿಯಲ್ಲಿ ಕೃಷ್ಣನ ಕಥೆ, ಉತ್ತರದಲ್ಲಿ ಮಹಾಭಾರತ. ಒಂದು ಚೌಕದಿಂದ ಇನ್ನೊಂದು ಚೌಕಕ್ಕೆ ಕಥೆ ಮುಂದುವರಿಯುತ್ತದೆ. ಓದುಗ ಹಾಳೆಯನ್ನು ತಿರುವುವ ಬದಲು ತಾನೇ ನಡೆಯುತ್ತಾನೆ. ೨೦೨೩ರಲ್ಲಿ ಯುನೆಸ್ಕೋ ಈ ದೇವಾಲಯವನ್ನು ಬೇಲೂರು, ಹಳೇಬೀಡುಗಳೊಡನೆ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಕಲ್ಲಿನಲ್ಲಿದ್ದಾಗ ಪರಂಪರೆಯೆನಿಸುವ ಕಥನಕ್ರಮ, ಕಾಗದದ ಮೇಲೆ ಬಂದ ಕೂಡಲೇ ಹುಡುಗಾಟವಾಗುವುದು ಯಾವ ನ್ಯಾಯ?

ಆದರೆ ಹೋಲಿಕೆಯನ್ನು ಹಿಡಿದು ಮೈಮರೆಯಬಾರದು. ವಿಮರ್ಶೆಯ ಕೆಲಸ ಹೊಗಳಿಕೆಯಲ್ಲಿ ಮುಗಿಯುವುದಿಲ್ಲ. ಸಚಿತ್ರ ಕಥೆ ಬೇರೆ, ಚಿತ್ರಕಥೆ ಬೇರೆ. ‘ಚಂದಮಾಮ’ದಲ್ಲಿರುವುದು ಬಹುಪಾಲು ಸಚಿತ್ರ ಕಥೆ. ಅಲ್ಲಿ ಕಥೆಯನ್ನು ನಡೆಸುವುದು ಗದ್ಯ. ಚಿತ್ರ ಒಂದು ಕ್ಷಣವನ್ನು ಹಿಡಿದು ನಿಲ್ಲಿಸುತ್ತದೆ. ಓದುವ ಮಗು ಆ ಚಿತ್ರದ ಮುಂದೆ ಸ್ವಲ್ಪ ಹೊತ್ತು ನಿಂತು, ಕಂಬದ ಕೆತ್ತನೆ, ಹೆಂಗಸಿನ ಜಡೆಬಿಲ್ಲೆ, ಮೂಲೆಯಲ್ಲಿ ಮಲಗಿದ ನಾಯಿ, ಎಲ್ಲವನ್ನೂ ನೋಡಿ, ಮತ್ತೆ ಗದ್ಯಕ್ಕೆ ಮರಳುತ್ತದೆ. ಚಿತ್ರಕಥೆಯಲ್ಲಿ ಚಿತ್ರವೇ ಕಾಲವನ್ನು ನಡೆಸಬೇಕು. ಎತ್ತಿದ ಗದೆ ಒಂದು ಚೌಕದಲ್ಲಿ, ಬಿದ್ದ ವೈರಿ ಮುಂದಿನ ಚೌಕದಲ್ಲಿ. ನಡುವಿನ ಪೆಟ್ಟು ಓದುಗನ ಮನಸ್ಸಿನಲ್ಲಿ. ಈ ನಡುವಿನ ಬಿಳಿಯ ಜಾಗವನ್ನು ಬಳಸಿಕೊಳ್ಳುವುದೇ ಚಿತ್ರಕಥೆಗಾರನ ಜಾಣತನ. ಆ ಅಳತೆಯಿಂದ ನೋಡಿದರೆ ‘ಅಮರ ಚಿತ್ರಕಥೆ’ಯ ಅನೇಕ ಪುಟಗಳು ಸೋಲುತ್ತವೆ. ಚಿತ್ರ ತೋರಿಸಿದ್ದನ್ನೇ ಮೇಲಿನ ಪಟ್ಟಿಯ ಬರಹ ಹೇಳುತ್ತದೆ, ಬರಹ ಹೇಳಿದ್ದನ್ನೇ ಪಾತ್ರ ಮತ್ತೊಮ್ಮೆ ನುಡಿಯುತ್ತದೆ. ಮೇಷ್ಟರು ಮೂರು ಸಲ ಹೇಳಿಕೊಟ್ಟ ಹಾಗೆ. ಸೋಮನಾಥಪುರದ ಶಿಲ್ಪಿಗೆ ಮಾತಿನ ಆಸರೆಯಿರಲಿಲ್ಲ. ಆದ್ದರಿಂದ ಅವನು ಕೈಯ ಒಂದು ತಿರುವಿನಲ್ಲಿ, ತಲೆಯ ಒಂದು ಬಾಗಿನಲ್ಲಿ ಹೇಳಬೇಕಾದದ್ದನ್ನೆಲ್ಲ ಹೇಳಿದ.

ಇನ್ನು ಭಾಷೆ. ‘ಅಮರ ಚಿತ್ರಕಥೆ’ಯ ವಿಷಯದಲ್ಲಿ ಎರಡು ಒಳ್ಳೆಯ ಅಧ್ಯಯನಗಳು ಇಂಗ್ಲಿಷಿನಲ್ಲಿ ಬಂದಿವೆ: ನಂದಿನಿ ಚಂದ್ರ ಅವರದು ೨೦೦೮ರಲ್ಲಿ, ಕಾರ್ಲೀನ್ ಮೆಕ್ಲೇನ್ ಅವರದು ೨೦೦೯ರಲ್ಲಿ. ಅವರು ಎತ್ತಿದ ಪ್ರಶ್ನೆಗಳು ಗಂಭೀರವಾದವು. ಈ ಪುಸ್ತಕಗಳಲ್ಲಿ ವೀರರೆನಿಸಿಕೊಂಡವರು ಯಾರು, ಹೆಂಗಸರಿಗೆ ಸಿಕ್ಕ ಸ್ಥಾನವೇನು, ದೇಶವೆಂದರೆ ಯಾರ ದೇಶ ಎಂದು ಕೇಳಬೇಕಾದದ್ದೇ. ‘ಇಂದ್ರಜಾಲ’ದ ಕಾಡಿನಲ್ಲಿಯೂ ಅದೇ ಪ್ರಶ್ನೆ ಎದುರಾಗುತ್ತದೆ: ಬಿಳಿಯ ಮೈಯ ಫ್ಯಾಂಟಮ್ ತಲೆಬುರುಡೆಯ ಸಿಂಹಾಸನದಲ್ಲಿ ಕೂತು ಕಪ್ಪು ಜನಕ್ಕೆ ನ್ಯಾಯ ಹೇಳುವುದನ್ನು ನಮ್ಮ ಹುಡುಗರು ಅಷ್ಟು ಪ್ರೀತಿಯಿಂದ ಓದಿದರಲ್ಲ, ಏಕೆ? ಭಾರತದ ಆವೃತ್ತಿಗಾಗಿ ಆ ಕಾಡಿನ ಹೆಸರನ್ನು ‘ಡೆಂಕಾಲಿ’ ಎಂದು ಬದಲಾಯಿಸಿದರೂ ಒಳಗಿನ ಸಂಬಂಧ ಬದಲಾಗಲಿಲ್ಲ. ಇವೆಲ್ಲ ಸರಿ. ಆದರೆ ಕನ್ನಡ ಅಧ್ಯಾಪಕನಾದ ನನಗೆ ಮೊದಲು ಕಾಣುವುದು ಇನ್ನೊಂದು ಪ್ರಶ್ನೆ: ಆ ಗುಳ್ಳೆಯೊಳಗಿನ ಕನ್ನಡ ಎಂಥದು?

ಗುಳ್ಳೆಯನ್ನು ಅಳೆದು ಬರೆದದ್ದು ಇಂಗ್ಲಿಷಿಗೆ. ಇಂಗ್ಲಿಷಿನ ದೊಡ್ಡಕ್ಷರಗಳು ಸಾಲಿನಲ್ಲಿ ಶಿಸ್ತಾಗಿ ನಿಲ್ಲುತ್ತವೆ. ನಮ್ಮ ಅಕ್ಷರಕ್ಕೆ ಮೇಲೆ ಗುಡಿಸು, ಪಕ್ಕದಲ್ಲಿ ಕೊಂಬು, ಕೆಳಗೆ ಒತ್ತು. ಅಲ್ಲಿ ನಾಲ್ಕು ಸಾಲು ಹಿಡಿಸುವ ಕಡೆ ಇಲ್ಲಿ ಮೂರೇ ಸಾಲು. ಸೋತ ಅನುವಾದಕ ಅಕ್ಷರವನ್ನು ಸಣ್ಣದು ಮಾಡಿ ತುರುಕುತ್ತಾನೆ. ಜಾಣ ಅನುವಾದಕ ಕನ್ನಡದ ಸ್ವಭಾವವನ್ನೇ ನೆರವಿಗೆ ಕರೆಯುತ್ತಾನೆ. ‘ನಾನು ನಿನ್ನನ್ನು ಅವಶ್ಯವಾಗಿ ರಕ್ಷಿಸುತ್ತೇನೆ’ ಎಂದು ಬರೆದರೆ ಗುಳ್ಳೆ ಒಡೆಯುತ್ತದೆ. ‘ಹೆದರಬೇಡ, ನಾನಿದ್ದೇನೆ’ ಎಂದರೆ ಜಾಗವೂ ಉಳಿಯಿತು, ಮಾತೂ ಮನುಷ್ಯರ ಮಾತಾಯಿತು. ಕನ್ನಡದ ಕ್ರಿಯಾಪದದ ಹೊಟ್ಟೆಯಲ್ಲಿಯೇ ಕರ್ತೃ ಕೂತಿರುತ್ತಾನೆ. ‘ಬಂದೆ’ ಎಂದರೆ ಬಂದವನು ಯಾರೆಂದು ಬೇರೆ ಹೇಳಬೇಕಾಗಿಲ್ಲ. ನಾನು ಕೂಡಿಸಿದ ಸಂಚಿಕೆಗಳಲ್ಲಿ ಈ ಎರಡು ಬಗೆಯ ಕನ್ನಡವೂ ಇದೆ, ಕೆಲವೊಮ್ಮೆ ಒಂದೇ ಪುಟದಲ್ಲಿದೆ. ದೇವೇಂದ್ರನೂ ಬೆಸ್ತರವನೂ ಒಂದೇ ಗ್ರಾಂಥಿಕ ಭಾಷೆಯಲ್ಲಿ ಮಾತನಾಡುವುದು ಅವುಗಳ ದೊಡ್ಡ ಕೊರತೆ. ‘ಚಂದಮಾಮ’ದ ಗದ್ಯ ಇದಕ್ಕಿಂತ ಮೇಲು. ಸಣ್ಣ ವಾಕ್ಯ, ತಿಳಿಯಾದ ಪದ, ಆಡಂಬರವಿಲ್ಲದ ನಡೆ. ಅದೂ ತೆಲುಗಿನಿಂದ ಬಂದ ಅನುವಾದವೇ. ಆದರೂ ಕನ್ನಡದ ಅಜ್ಜಿ ಹೇಳಿದ ಕಥೆಯಂತೆಯೇ ಕೇಳಿಸುತ್ತದೆ. ಬೃಹತ್ಕಥೆಯ ಪರಂಪರೆಯ ಕಥೆಗಳು ಕನ್ನಡಕ್ಕೆ ಹೊಸವಲ್ಲ. ಬತ್ತೀಸ ಪುತ್ಥಳಿಯ ಕಥೆಗಳು ನಮ್ಮ ಮನೆಗಳಲ್ಲಿ ಎಂದಿನಿಂದಲೋ ಇದ್ದವು. ಆ ಹಳೆಯ ಸರಕನ್ನು ಇಪ್ಪತ್ತನೆಯ ಶತಮಾನದ ಸರಳ ಗದ್ಯದಲ್ಲಿ ತಿಂಗಳು ತಿಂಗಳೂ ಮನೆಬಾಗಿಲಿಗೆ ತಲುಪಿಸಿದ ಅನುವಾದಕರಿಗೆ ಸಾಹಿತ್ಯಚರಿತ್ರೆಯಲ್ಲಿ ಒಂದು ಪುಟವಾದರೂ ಸಿಗಬೇಕು. ಸೋಮನಾಥಪುರದ ಶಿಲ್ಪಿ ಮಲ್ಲಿತಮ್ಮ ವಿಗ್ರಹದ ಕೆಳಗೆ ತನ್ನ ಹೆಸರನ್ನು ಕೊರೆದಿಟ್ಟ. ಏಳು ನೂರು ವರ್ಷ ಕಳೆದು ಬಂದ ಈ ಅನುವಾದಕರ ಹೆಸರು ನಮ್ಮ ವಿದ್ಯಾರ್ಥಿಗಳಿಗೆ ತಿಳಿಯದು.

ಇಷ್ಟೆಲ್ಲ ಹೇಳಬೇಕಾದರೆ ಪುಸ್ತಕ ಕೈಯಲ್ಲಿರಬೇಕು. ಇಲ್ಲಿಯೇ ಹಣದ ಮಾತು ಬರುತ್ತದೆ.

ಇತ್ತೀಚಿನ ವರ್ಷಗಳಲ್ಲಿ ಈ ಪುಸ್ತಕಗಳಿಗೂ ಒಂದು ಸಂತೆ ಏರ್ಪಟ್ಟಿದೆ. ಅಂತರಜಾಲದ ಹರಾಜಿನಲ್ಲಿ ಮೊದಲ ಮುದ್ರಣ, ಮಡಿಕೆ ಬೀಳದ ಮುಖಪುಟ, ತುಕ್ಕು ಹಿಡಿಯದ ಪಿನ್ನು, ಇವುಗಳಿಗೆ ಬೆಲೆ. ಒಳಗಿನ ಕಥೆಯನ್ನು ಕೊಳ್ಳುವವನೂ ಓದುವುದಿಲ್ಲ, ಮಾರುವವನೂ ಓದುವುದಿಲ್ಲ. ಓದಿದರೆ ಮಡಿಕೆ ಬಿದ್ದೀತು. ಅಮೆರಿಕದಲ್ಲಿ ಹಳೆಯ ಕಾಮಿಕ್ಸಿಗೆ ದರ್ಜೆ ಕೊಟ್ಟು ಪಾರದರ್ಶಕ ಪೆಟ್ಟಿಗೆಯಲ್ಲಿ ಮೊಹರು ಮಾಡಿಡುವ ಪದ್ಧತಿಯೇ ಇದೆ. ಶ್ರೀಮಂತರ ವಿನೋದವನ್ನು ನಾನು ಆಕ್ಷೇಪಿಸುವುದಿಲ್ಲ. ಆದರೆ ಅವರ ಅಳತೆಗೋಲನ್ನು ನಾವು ಕೈಗೆ ತೆಗೆದುಕೊಂಡರೆ ಮೋಸ ಹೋಗುತ್ತೇವೆ. ಸಣ್ಣ ಚೀಲದ ಸಂಗ್ರಾಹಕನಿಗೆ ಬೇರೆಯ ಅಳತೆ ಬೇಕು. ಆ ಅಳತೆ ಸಾಹಿತ್ಯದ ಅಳತೆಯೂ ಆಗಿದೆ ಎಂಬುದು ನನ್ನ ವಾದ.

ನಾನು ಇದಕ್ಕೆಂದು ತಿಂಗಳಿಗೆ ಐದು ನೂರು ರೂಪಾಯಿಗಿಂತ ಹೆಚ್ಚು ತೆಗೆಯುವುದಿಲ್ಲ. ಅಷ್ಟರಲ್ಲಿ ಏನನ್ನು ಕೊಳ್ಳಬೇಕು? ನನ್ನ ಮೊದಲ ಆಯ್ಕೆ ಬೈಂಡು ಮಾಡಿಸಿದ ಸಂಪುಟ. ಹಿಂದೆ ನಮ್ಮ ಕಡೆಯ ಮನೆಗಳಲ್ಲಿ, ವರ್ಷದ ಹನ್ನೆರಡು ‘ಚಂದಮಾಮ’ಗಳನ್ನು ಕೂಡಿಸಿ, ಕ್ಯಾಲಿಕೋ ಬಟ್ಟೆಯ ರಟ್ಟು ಹಾಕಿಸಿ ಇಡುವ ವಾಡಿಕೆಯಿತ್ತು. ಬೈಂಡಿನವನು ಅಂಚನ್ನು ಕತ್ತರಿಸುತ್ತಿದ್ದ. ಎಷ್ಟೋ ಸಲ ಮುಖಪುಟವನ್ನೂ ಕಿತ್ತು ಬಿಡುತ್ತಿದ್ದ. ಅದರಿಂದಾಗಿ ಹರಾಜಿನ ಸಂಗ್ರಾಹಕನಿಗೆ ಇದು ಬೇಡ, ಬೆಲೆ ಅಗ್ಗ. ಆದರೆ ಓದುವವನಿಗೆ ಇದಕ್ಕಿಂತ ಭಾಗ್ಯವಿಲ್ಲ. ಧಾರಾವಾಹಿಯ ಪ್ರಾಣವಿರುವುದು ಮುಂದಿನ ತಿಂಗಳಿನಲ್ಲಿ. ಮಾರ್ಚಿಯ ಸಂಚಿಕೆ ಹೊಸದರಂತೆ ಥಳಥಳಿಸುತ್ತಿದ್ದು, ಏಪ್ರಿಲ್ ಸಂಚಿಕೆಯೇ ಇಲ್ಲವೆಂದರೆ, ಗುಹೆಯ ಬಾಗಿಲಿನಲ್ಲಿ ನಿಂತ ರಾಜಕುಮಾರ ಅಲ್ಲಿಯೇ ನಿಂತ. ಒಂದು ವರ್ಷದ ಸಂಪುಟ ಕೈಯಲ್ಲಿದ್ದರೆ ಕಥೆಯ ಕಟ್ಟು ಕಾಣುತ್ತದೆ. ಸಂಪಾದಕನು ಯಾವ ತಿಂಗಳು ಯಾವ ಕಥೆಯ ಪಕ್ಕದಲ್ಲಿ ಯಾವುದನ್ನು ಇಟ್ಟ ಎಂಬುದು ಕಾಣುತ್ತದೆ. ಫೋಟೋ ಶೀರ್ಷಿಕೆಯ ಸ್ಪರ್ಧೆಯಲ್ಲಿ ಗೆದ್ದ ಊರೂರಿನ ಓದುಗರು ಕಾಣುತ್ತಾರೆ. ಸಾಹಿತ್ಯಚರಿತ್ರೆ ಮರೆತ ಓದುಗ ಅಲ್ಲಿ ಹೆಸರು ಸಮೇತ ಕುಳಿತಿದ್ದಾನೆ.

ಎರಡನೆಯ ಆಯ್ಕೆ, ಸಾಧಾರಣ ಸಂಚಿಕೆ. ಪ್ರಸಿದ್ಧವಾದುವನ್ನು ಎಲ್ಲರೂ ಉಳಿಸಿಕೊಳ್ಳುತ್ತಾರೆ. ‘ಕೃಷ್ಣ’ ಮತ್ತೆ ಮತ್ತೆ ಮುದ್ರಣವಾಗಿದೆ, ಇಂದಿಗೂ ಅಂಗಡಿಯಲ್ಲಿ ಸಿಗುತ್ತದೆ. ಮತ್ತೆ ಮುದ್ರಣವಾಗದೆ ಹೋದ ಕನ್ನಡ ಸಂಚಿಕೆಗಳೇ ಮೊದಲು ಮಾಯವಾಗುವುವು. ಇಂಗ್ಲಿಷ್ ಪ್ರತಿ ಸುಲಭವಾಗಿಯೂ ಕನ್ನಡ ಪ್ರತಿ ಕಷ್ಟವಾಗಿಯೂ ಸಿಗುವ ಕಡೆ, ಕೈಯಲ್ಲಿರುವ ಹಣವೆಲ್ಲ ಕನ್ನಡಕ್ಕೆ. ಮರುಮುದ್ರಣ ಯಾವುದು, ಹಳೆಯದು ಯಾವುದು ಎಂದು ತಿಳಿಯಬೇಕಾದರೆ ಮುಖಪುಟದ ಬೆಲೆಯನ್ನು ನೋಡಬೇಕು. ಚಿತ್ರ ಅದೇ ಇದ್ದರೂ ಬೆಲೆ ಕಾಲವನ್ನು ಹೇಳಿಬಿಡುತ್ತದೆ. ಎರಡು ಕಾಲದ ಪ್ರತಿಗಳು ಸಿಕ್ಕರೆ ಎರಡನ್ನೂ ಇಟ್ಟುಕೊಂಡು, ಮಾತು ಬದಲಾಗಿದೆಯೇ ಎಂದು ಹೋಲಿಸಬೇಕು. ಪಾಠಾಂತರವೆಂಬುದು ಪಂಪನಿಗೆ ಮಾತ್ರ ಮೀಸಲಾದದ್ದಲ್ಲ.

ಮೂರನೆಯದು, ಹರಿದ ಪ್ರತಿ. ಇಂದು ಹರಿದ ಪ್ರತಿಯನ್ನು ಕೊಂಡರೆ ನಾಳೆ ಇನ್ನೊಂದು ಹರಿದ ಪ್ರತಿ ಸಿಕ್ಕೀತು. ಎರಡು ಸೇರಿ ಒಂದಾಗುತ್ತದೆ. ಇಬ್ಬರು ಮೂವರು ಸ್ನೇಹಿತರು ಇದೇ ಹುಚ್ಚಿನವರಾದರೆ ಅದಲುಬದಲು ಮಾಡಿಕೊಳ್ಳಬಹುದು. ಅದಕ್ಕೆ ಕಾಸು ಬೇಕಾಗಿಲ್ಲ.

ಎಲ್ಲಿ ಹುಡುಕುವುದು? ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆಯ ಪುಸ್ತಕದವರಿಗೆ ಇವುಗಳ ಬೆಲೆ ಈಗಾಗಲೇ ಗೊತ್ತು. ಅಲ್ಲಿ ಚೌಕಾಸಿ ನಡೆಯುವುದು ಕಷ್ಟ. ನಮ್ಮಂಥ ತಾಲ್ಲೂಕು ಊರುಗಳೇ ಮೇಲು. ಸೋಸಲೆ, ತಲಕಾಡಿನ ಕಡೆಯ ಹಳೆಯ ಮನೆಗಳಲ್ಲಿ ಅಟ್ಟವಿದೆ. ಮಕ್ಕಳು ಬೆಂಗಳೂರಿಗೋ ಅಮೆರಿಕಕ್ಕೋ ಹೋಗಿ, ಮನೆ ಮಾರಾಟವಾಗುವಾಗ ಅಟ್ಟ ಖಾಲಿಯಾಗುತ್ತದೆ. ಹಿತ್ತಾಳೆಯ ಪಾತ್ರೆ ಒಂದು ಕಡೆ ಹೋದರೆ ಕಾಗದ ಗುಜರಿಗೆ ಹೋಗುತ್ತದೆ. ಗುಜರಿಯಿಂದ ಲಾರಿ ಹತ್ತಿ ರದ್ದಿಯನ್ನು ಅರೆಯುವ ಕಾರ್ಖಾನೆಗೆ. ನಂಜನಗೂಡಿನ ಕಡೆ ಅಂಥ ಕಾರ್ಖಾನೆಯೂ ಇದೆ. ಅದರ ಕೆಲಸ ಅದು ಮಾಡುತ್ತದೆ, ತಪ್ಪೇನಿಲ್ಲ. ಲಾರಿ ಹೊರಡುವ ಮೊದಲು ನಾವು ಅಲ್ಲಿರಬೇಕು ಅಷ್ಟೆ. ಸಂಪುಟಗಳ ರಟ್ಟನ್ನೆಲ್ಲ ಕಿತ್ತು ಬೇರೆಯಾಗಿ ರಾಶಿ ಹಾಕಿದ್ದ ಗುಜರಿಯವನೊಬ್ಬನನ್ನು ಏಕೆ ಹೀಗೆ ಮಾಡಿದೆಯಪ್ಪ ಎಂದು ಕೇಳಿದೆ. ‘ರಟ್ಟಿಗೇ ಒಂದು ರೇಟು, ಕಾಗ್ದಕ್ಕೇ ಒಂದು ರೇಟು ಮೇಷ್ಟ್ರೇ. ಜೊತೇಲಿಟ್ರೆ ತಕ್ಕೊಳ್ಳಾಕಿಲ್ಲ’ ಎಂದ. ಅವನ ಲೆಕ್ಕ ಸರಿಯಾಗಿಯೇ ಇದೆ. ಆ ಲೆಕ್ಕದಲ್ಲಿ ೧೯೬೦ರ ‘ಚಂದಮಾಮ’ವೂ ಕಳೆದ ವಾರದ ಜಾಹೀರಾತಿನ ಹಾಳೆಯೂ ಒಂದೇ ತಕ್ಕಡಿಯಲ್ಲಿ ಒಂದೇ ತೂಕ.

ತಂದದ್ದನ್ನು ಉಳಿಸಿಕೊಳ್ಳುವುದಕ್ಕೂ ಹೆಚ್ಚಿನ ಖರ್ಚಿಲ್ಲ. ಅಗ್ಗದ ಕಾಗದದ ತಿರುಳಿನಲ್ಲಿ ಲಿಗ್ನಿನ್ ಎಂಬ ಮರದ ಅಂಶ ಉಳಿದಿರುತ್ತದೆ. ಬೆಳಕು, ಗಾಳಿ ತಗುಲಿ ಅದು ಹಳದಿಗೆ ತಿರುಗಿ, ಕಾಗದ ಹಪ್ಪಳದಂತೆ ಮುರಿಯುತ್ತದೆ. ಆದ್ದರಿಂದ ಕಿಟಕಿಯ ಪಕ್ಕದ ಗಾಜಿನ ಬೀರು ಬೇಡ. ತುಕ್ಕು ಹಿಡಿದ ಪಿನ್ನನ್ನು ಮೆಲ್ಲಗೆ ಬಿಡಿಸಿ, ಹತ್ತಿಯ ದಾರದಲ್ಲಿ ಹೊಲಿಯಬೇಕು. ಅಂಟುಪಟ್ಟಿಯನ್ನು ಮಾತ್ರ ಎಂದಿಗೂ ಹಚ್ಚಬಾರದು. ಕೆಲವು ವರ್ಷಗಳಲ್ಲಿ ಅದರ ಅಂಟು ಕಂದಿ ಅಕ್ಷರವನ್ನೇ ನುಂಗುತ್ತದೆ. ಒಗೆದು ಒಣಗಿಸಿದ ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿ, ಒಣಗಿದ ಬೇವಿನ ಎಲೆಯನ್ನು ಸುತ್ತ ಹಾಕಿ, ಮಲಗಿಸಿ ಇಡಬೇಕು. ಎತ್ತರದಲ್ಲಿ ಇಡಬೇಕು. ೨೦೧೯ರ ಆಗಸ್ಟಿನಲ್ಲಿ ಕಪಿಲೆ ಉಕ್ಕಿ ನಂಜನಗೂಡಿನ ತಗ್ಗಿನ ಮನೆಗಳಿಗೆ ನುಗ್ಗಿದುದನ್ನು ಕಂಡವರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ.

ಇಲ್ಲಿ ಒಬ್ಬರು ಕೇಳಬಹುದು: ಈಗ ಎಲ್ಲವನ್ನೂ ಬಿಂಬಮುದ್ರಣ ಮಾಡಿ ಅಂತರಜಾಲಕ್ಕೆ ಹಾಕುತ್ತಾರಲ್ಲ, ಹಳೆಯ ‘ಚಂದಮಾಮ’ಗಳೂ ಅಲ್ಲಿ ಸಿಗುತ್ತವಲ್ಲ, ಈ ಧೂಳು ತಿನ್ನುವ ಕೆಲಸ ಏಕೆ? ಪ್ರಶ್ನೆ ನ್ಯಾಯವಾದದ್ದು. ಆ ಕೆಲಸ ಮಾಡಿದ ಅಜ್ಞಾತ ಉತ್ಸಾಹಿಗಳಿಗೆ ನಾನು ಋಣಿ. ನನ್ನ ಸಂಪುಟಗಳಲ್ಲಿ ಇಲ್ಲದ ಪುಟಗಳನ್ನು ಎಷ್ಟೋ ಸಲ ಅಲ್ಲಿಯೇ ಓದಿದ್ದೇನೆ. ಬಡ ಸಂಗ್ರಾಹಕನಿಗೆ ಅದಕ್ಕಿಂತ ಅಗ್ಗದ ಭಂಡಾರ ಬೇರೆ ಇಲ್ಲ. ಆದರೆ ಬಿಂಬ ತೆಗೆಯಬೇಕಾದರೆ ಮೊದಲು ಮೂಲ ಎಲ್ಲಿಯೋ ಒಬ್ಬರ ಮನೆಯಲ್ಲಿ ಉಳಿದಿರಬೇಕು. ಪತ್ರಿಕೆ ನಡೆಸಿದ ಸಂಸ್ಥೆಯೇ ಮುಳುಗಿದ ಮೇಲೆ, ಆ ಒಬ್ಬರ ಮನೆಯೇ ಕಡೆಯ ಆಸರೆ. ‘ಚಂದಮಾಮ’ ಬಹುಪ್ರಸಾರದ ಪತ್ರಿಕೆಯಾದ್ದರಿಂದ ಉಳಿಯಿತು. ಕನ್ನಡದ ಮೊದಲ ಹತ್ತು ಚಿತ್ರಕಥೆಗಳಿಗೆ, ‘ಇಂದ್ರಜಾಲ’ದ ಕನ್ನಡ ಸಂಚಿಕೆಗಳಿಗೆ ಆ ಭಾಗ್ಯ ಇನ್ನೂ ದಕ್ಕಬೇಕಾಗಿದೆ.

ಕಳೆದುಹೋದರೆ ಏನಾಗುತ್ತದೆ ಎಂಬುದಕ್ಕೆ ನಂಜನಗೂಡೇ ಒಂದು ನಿದರ್ಶನ. ಆ ಊರಿನ ಹೆಸರನ್ನು ತಮ್ಮ ಹೆಸರಿನೊಡನೆ ಧರಿಸಿದ್ದ ತಿರುಮಲಾಂಬಾ (೧೮೮೭–೧೯೮೨) ಬಾಲವಿಧವೆಯಾಗಿದ್ದು, ‘ಸತೀಹಿತೈಷಿಣೀ’ ಗ್ರಂಥಮಾಲೆಯನ್ನು ನಡೆಸಿದರು. ‘ಕರ್ನಾಟಕ ನಂದಿನಿ’ ಎಂಬ ಮಾಸಪತ್ರಿಕೆಯನ್ನು ಹೊರಡಿಸಿದರು. ಹೆಂಗಸರಿಗಾಗಿ ಹೆಂಗಸು ಸಂಪಾದಿಸಿದ ಪತ್ರಿಕೆಯೊಂದು ಕನ್ನಡದಲ್ಲಿ ಅಷ್ಟು ಹಿಂದೆಯೇ ಇತ್ತು. ಅವರ ಕಾಲದ ದೊಡ್ಡವರಿಗೆ ಅದು ಮನೆಯ ಹೆಂಗಸರು ಓದಿ ಎಸೆಯುವ ಸರಕಾಗಿ ಕಂಡಿರಬೇಕು. ಮುಂದೆ ವಿಜಯಾ ದಬ್ಬೆಯವರಂಥ ವಿದುಷಿಯರು ಅವರನ್ನು ಮತ್ತೆ ಚರಿತ್ರೆಗೆ ತರಬೇಕಾದಾಗ, ಇಂಥ ಹಳೆಯ ಸಂಚಿಕೆಗಳನ್ನೇ ಆಶ್ರಯಿಸಬೇಕಾಯಿತು. ಯಾರೋ ಒಬ್ಬರು ಎಸೆಯದೆ ಇಟ್ಟದ್ದರಿಂದ ಅಷ್ಟಾದರೂ ಸಾಧ್ಯವಾಯಿತು. ಹೆಂಗಸರ ಓದು, ಮಕ್ಕಳ ಓದು, ಇವೆರಡನ್ನೂ ನಮ್ಮ ಪಂಡಿತರು ಒಂದೇ ಬುಟ್ಟಿಗೆ ಹಾಕಿದರು. ಅದು ಕಸದ ಬುಟ್ಟಿ.

ಇದೇ ಮೈಸೂರು ಸೀಮೆಯಲ್ಲಿ ಇದಕ್ಕೆ ವಿರುದ್ಧವಾದ ಒಂದು ಪರಂಪರೆಯೂ ಇದೆ. ೧೮೯೧ರಲ್ಲಿ ಆರಂಭವಾದ ಪ್ರಾಚ್ಯ ಗ್ರಂಥಾಲಯಕ್ಕೆ ಓಲೆಯ ಕಟ್ಟುಗಳನ್ನು ಊರೂರಿನಿಂದ ಕೂಡಿಸಿದರು. ಹೊಳೆಗೆ ಬಿಡಲು ಎತ್ತಿಟ್ಟ ಹಳೆಯ ಓಲೆಗಳೂ ಆ ಕಾಲದಲ್ಲಿ ಕಡಿಮೆಯೇನಲ್ಲ. ಹಾಗೆ ೧೯೦೫ರಲ್ಲಿ ಕೈಗೆ ಬಂದ ಒಂದು ಕಟ್ಟಿನಲ್ಲಿ ಆರ್. ಶಾಮಾಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿ, ೧೯೦೯ರಲ್ಲಿ ಅಚ್ಚು ಹಾಕಿಸಿದರು. ಚಿತ್ರಕಥೆಯ ಕಟ್ಟಿನಲ್ಲಿ ಅರ್ಥಶಾಸ್ತ್ರ ಸಿಕ್ಕೀತೆಂದು ನಾನು ಹೇಳುತ್ತಿಲ್ಲ. ಯಾವುದು ಬೆಲೆಯುಳ್ಳದ್ದು ಎಂಬುದನ್ನು ಓದಿದ ಮೇಲೆ ತೀರ್ಮಾನಿಸಬೇಕು, ಓದುವ ಮೊದಲು ಅಲ್ಲ, ಎಂಬಷ್ಟನ್ನು ಆ ಪ್ರಸಂಗದಿಂದ ಕಲಿಯಬಹುದು.

೧೯೬೫ರ ಕಾಯಿದೆಯಿಂದ ನಮ್ಮ ರಾಜ್ಯದಲ್ಲಿ ಸಾರ್ವಜನಿಕ ಗ್ರಂಥಾಲಯಗಳ ಜಾಲ ಏರ್ಪಟ್ಟಿತು. ಅದಕ್ಕೆ ನಾವು ಕರವನ್ನೂ ಕೊಡುತ್ತೇವೆ. ಆದರೆ ವಾಚನಾಲಯದಲ್ಲಿ ಮಕ್ಕಳ ಪತ್ರಿಕೆಯ ಗತಿ ಏನು? ನಮ್ಮ ಕಡೆಯ ಒಂದು ವಾಚನಾಲಯದಲ್ಲಿ ಹಳೆಯ ಮಕ್ಕಳ ಪತ್ರಿಕೆಗಳನ್ನು ಕೇಳಿದಾಗ, ಜಾಗವಿಲ್ಲವೆಂದು ತೂಕಕ್ಕೆ ಹಾಕಿಬಿಟ್ಟೆವೆಂದು ಅಲ್ಲಿಯವರು ಸಹಜವಾಗಿ ಹೇಳಿದರು. ಅವರಿಗೆ ಜಾಗವಿಲ್ಲದಿರುವುದು ನಿಜ. ಹಾಗಿದ್ದರೆ ಹೊಣೆ ಯಾರದು? ಪ್ರತಿ ಜಿಲ್ಲೆಯಲ್ಲಿ ಒಂದು ಕೇಂದ್ರ ಗ್ರಂಥಾಲಯವಾದರೂ, ಒಂದು ಕೋಣೆಯನ್ನಾದರೂ, ಕನ್ನಡದ ಮಕ್ಕಳ ಪತ್ರಿಕೆ ಮತ್ತು ಚಿತ್ರಕಥೆಗಳಿಗೆ ಬಿಟ್ಟುಕೊಡಬಾರದೆ? ನಮ್ಮ ವಿಶ್ವವಿದ್ಯಾನಿಲಯಗಳ ಕನ್ನಡ ವಿಭಾಗಗಳು ಸಂಶೋಧನೆಗೆ ವಿಷಯ ಸಾಲದೆಂದು ಕೊರಗುವ ಬದಲು, ಈ ಅನುವಾದಕರು ಯಾರು, ಆ ಮೊದಲ ಹತ್ತು ಪುಸ್ತಕಗಳ ಕನ್ನಡ ಎಂಥದು ಎಂದು ಒಬ್ಬ ವಿದ್ಯಾರ್ಥಿಯನ್ನಾದರೂ ಹುಡುಕಲು ಕಳುಹಿಸಬಾರದೆ?

ಅದು ಆಗುವವರೆಗೆ ಈ ಕೆಲಸ ಸಂಬಳದ ಮೂಲೆಯಲ್ಲಿ ನಾಲ್ಕು ಕಾಸು ಉಳಿಸಿದವನ ಪಾಲಿಗೆ ಬಂದಿದೆ. ಅವನು ಬಡವನಾಗಿರುವುದೇ ಒಂದು ಬಗೆಯಲ್ಲಿ ಲೇಸು. ಮೊಹರು ಹಾಕಿದ ಪೆಟ್ಟಿಗೆಯನ್ನು ಕೊಳ್ಳಲಾರದವನು ಓದಬಹುದಾದ ಪ್ರತಿಯನ್ನೇ ಕೊಳ್ಳುತ್ತಾನೆ. ಈ ಪುಸ್ತಕಗಳಲ್ಲಿ ಹೆಚ್ಚಿನವು ಎರಡನೆಯ ದರ್ಜೆಯ ಸಾಹಿತ್ಯವೆಂದು ನಾಳೆ ತೀರ್ಮಾನವಾದರೂ ಆಗಲಿ, ನನಗೆ ಚಿಂತೆಯಿಲ್ಲ. ಆ ತೀರ್ಮಾನವನ್ನು ಮಾಡುವವನ ಮೇಜಿನ ಮೇಲೆ ಪುಸ್ತಕ ಇರಬೇಕೆಂಬುದಷ್ಟೆ ನನ್ನ ಬೇಡಿಕೆ. ನಿಮ್ಮ ಅಟ್ಟದಲ್ಲಿ ರಟ್ಟು ಹರಿದ ಒಂದು ಸಂಪುಟವಿದ್ದರೆ, ಗುಜರಿಯವನನ್ನು ಕೂಗುವ ಮೊದಲು ಒಂದು ಕಥೆಯನ್ನು ಓದಿ ನೋಡಿ. ಆಮೇಲೂ ಅದು ಬೇಡವೆನಿಸಿದರೆ, ಬೇಕೆನ್ನುವ ಒಬ್ಬ ಮೇಷ್ಟರು ನಿಮ್ಮ ಊರಿನಲ್ಲಿಯೂ ಇದ್ದೇ ಇರುತ್ತಾರೆ.